ಬೇರಿನ ಗುಣವೂ ಮಾತಿನ ಸತ್ಯವೂ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅದರ ಮನುಷ್ಯವರ್ಗದಲ್ಲಿ ಬರುವ ‘ನಿಷ್ಕಲಾ’, ‘ವಿಗತಾರ್ತವಾ’ ಎಂಬ ಎರಡು ಶಬ್ದಗಳು ನೆನಪಿರಬಹುದು. ಮುಟ್ಟು ನಿಂತ ಸ್ತ್ರೀಗೆ ಕೋಶಕಾರನು ಕೊಟ್ಟಿರುವ ಹೆಸರುಗಳಿವು. ಎರಡೂ ಆಕೆಯಲ್ಲಿ ಯಾವುದು ಇಲ್ಲವಾಯಿತೆಂಬುದನ್ನು ಹೇಳುತ್ತವೆಯೇ ಹೊರತು ಆಕೆಗೆ ಏನಾಗುತ್ತಿದೆಯೆಂಬುದನ್ನು ಹೇಳುವುದಿಲ್ಲ. ವಿಚಿತ್ರವೇನೆಂದರೆ, ಅದೇ ಶ್ಲೋಕಾರ್ಧದಲ್ಲಿ ಇವಳ ಮಗ್ಗುಲಿಗೆ ನಿಂತಿರುವವಳು ಬಯಕೆಯ ಬಸುರಿ. ಆಕೆಗೆ ಏನು ಬೇಕೆಂದು ಮನೆಮಂದಿಯೆಲ್ಲ ಕೇಳುತ್ತಾರೆ, ಕುಬಸ ಮಾಡುತ್ತಾರೆ, ಉಡಿ ತುಂಬುತ್ತಾರೆ. ಹುಡುಗಿ ದೊಡ್ಡವಳಾದಾಗಲೂ ಆರತಿಯುಂಟು. ಮೂರನೆಯ ಈ ಅವಸ್ಥೆಗೆ ಮಾತ್ರ ಆರತಿಯೂ ಇಲ್ಲ, ಹಾಡೂ ಇಲ್ಲ, ಪ್ರಶ್ನೆಯೂ ಇಲ್ಲ. ಪಾಠಶಾಲೆಯಲ್ಲಿ ಹುಡುಗರು ಈ ಪದಗಳ ಅರ್ಥವನ್ನು ಕೇಳಿದರೆ ಗುರುಗಳು “ಮುಂದಿನ ಶ್ಲೋಕ ಹೇಳು” ಎನ್ನುತ್ತಿದ್ದರು. ಸಮಾಜವೂ ಅದನ್ನೇ ಹೇಳುತ್ತ ಬಂದಿದೆ.

ಹಾಗೆಂದು ಮನೆಯವರು ಈ ಅವಸ್ಥೆಯನ್ನು ಗಮನಿಸುವುದೇ ಇಲ್ಲವೆನ್ನುವಂತಿಲ್ಲ. ಮುಟ್ಟು ನಿಂತ ಹೆಂಗಸು ಎಲ್ಲ ದಿನವೂ ಮಡಿಗೆ ಯೋಗ್ಯಳು. ದೇವರ ಕೋಣೆಗೂ ಉಪ್ಪಿನಕಾಯಿಯ ಭರಣಿಗೂ ಆಕೆಯ ಕೈ ಯಾವಾಗಲೂ ನಡೆಯುತ್ತದೆ. ಈ ಅನುಕೂಲವನ್ನು ಮನೆಯು ಕೂಡಲೇ ಸ್ವೀಕರಿಸುತ್ತದೆ. ಆದರೆ ಬೆಳಗಾವಿಯ ಮಾರ್ಗಶಿರದ ಚಳಿಯಲ್ಲಿ, ಎಲ್ಲರೂ ಕೌದಿಯನ್ನು ಎಳೆದುಕೊಂಡು ಮಲಗಿರುವಾಗ, ಆಕೆಯೊಬ್ಬಳೇ ಕೌದಿ ಒಗೆದು, ಬೆವರಿ, ಎದೆ ಹೊಡೆದುಕೊಳ್ಳುತ್ತ ಎದ್ದು ಕೂಡುತ್ತಾಳೆಂಬುದನ್ನು ಅದೇ ಮನೆಯು ಕಂಡೂ ಕಾಣದಂತಿರುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ೪೬ರ ಸುಮಾರು. ಸುಶ್ರುತನು ಹೇಳಿದ ೫೦ಕ್ಕಿಂತ ಕೊಂಚ ಮುಂಚೆ. ಅಂಡಾಶಯದಿಂದ ಹೊರಡುವ ಈಸ್ಟ್ರೋಜನ್ ಎಂಬ ಸ್ರಾವವು ಕುಂದಿದಾಗ ಮೆದುಳಿನಲ್ಲಿ ದೇಹದ ಶಾಖವನ್ನು ಕಾಯುವ ಸ್ಥಾನವು ತಪ್ಪು ಅಂದಾಜು ಮಾಡತೊಡಗುತ್ತದೆ. ಇಲ್ಲದ ಸೆಕೆಯನ್ನು ಇದೆಯೆಂದು ಬಗೆದು ಬೆವರು ಹರಿಸುತ್ತದೆ. ನಿದ್ರೆ ಕೆಡುತ್ತದೆ, ಸಿಟ್ಟು ಬರುತ್ತದೆ, ಕೀಲು ನೋಯುತ್ತವೆ, ಮರೆವು ಹೆಚ್ಚುತ್ತದೆ. “ನಾಲ್ಕು ದಿನದ್ದು, ತಾನಾಗಿ ಹೋಗುತ್ತದೆ” ಎಂದು ಹೇಳುವವರು ತಿಳಿಯತಕ್ಕದ್ದೇನೆಂದರೆ, ಅಮೆರಿಕದಲ್ಲಿ ಸಾವಿರಾರು ಸ್ತ್ರೀಯರನ್ನು ವರ್ಷಗಟ್ಟಲೆ ಅನುಸರಿಸಿ ೨೦೧೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪದೇ ಪದೇ ಈ ಉರಿ ಬರುವವರಲ್ಲಿ ಅದು ಉಳಿಯುವ ಮಧ್ಯಮ ಅವಧಿಯು ೭.೪ ವರ್ಷ.

ಇದು ವ್ಯಾಧಿಯೋ ಸ್ವಭಾವವೋ ಎಂಬುದು ಮೊದಲ ಪ್ರಶ್ನೆ. ಬೃಹತ್ತ್ರಯಿಯಲ್ಲಿ ರಜೋನಿವೃತ್ತಿಗೆಂದು ಪ್ರತ್ಯೇಕವಾದ ರೋಗಾಧ್ಯಾಯವಿಲ್ಲ. ಆದರೆ ಸುಶ್ರುತನು ವ್ಯಾಧಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ನಾಲ್ಕನೆಯದಾಗಿ ಸ್ವಾಭಾವಿಕ ವ್ಯಾಧಿಗಳೆಂಬುದನ್ನು ಹೇಳಿ, ಹಸಿವು, ನೀರಡಿಕೆ, ಮುಪ್ಪು, ಮೃತ್ಯು, ನಿದ್ರೆ ಮೊದಲಾದವನ್ನು ಅದರಲ್ಲಿ ಸೇರಿಸುತ್ತಾನೆ. ಇದು ಬಹಳ ಸೂಕ್ಷ್ಮವಾದ ವಿಚಾರವೆಂದು ನನಗೆ ತೋರುತ್ತದೆ. ಹಸಿವು ಸ್ವಭಾವವೇ ಸರಿ. ಆದರೆ ಸ್ವಭಾವವೆಂದು ಹೇಳಿ ಹಸಿದವನನ್ನು ಯಾರೂ ಹಾಗೆಯೇ ಬಿಡುವುದಿಲ್ಲ, ಅನ್ನ ಹಾಕುತ್ತಾರೆ. ಸ್ವಾಭಾವಿಕವೆಂಬುದು ಸಹಿಸಿಕೊಳ್ಳೆಂಬುದಕ್ಕೆ ಪರ್ಯಾಯಪದವಲ್ಲ. ಮತ್ತೊಂದೆಡೆ ಅದೇ ಆಚಾರ್ಯನು, ಸ್ವಾಭಾವಿಕವಾದವುಗಳಲ್ಲಿಯೂ ಕಾಲಕ್ಕೆ ಬರತಕ್ಕವು ಬೇರೆ, ರಕ್ಷಣೆ ತಪ್ಪಿದ್ದರಿಂದ ಅಕಾಲದಲ್ಲಿ ಬರತಕ್ಕವು ಬೇರೆ ಎಂದು ವಿಭಾಗಿಸಿದ್ದಾನೆ. ಎಂದರೆ ಉಪೇಕ್ಷೆಗೂ ಒಂದು ಹೊಣೆಯುಂಟೆಂದಾಯಿತು.

ಸ್ವಭಾವವೆಂದು ಕೈಬಿಡುವುದು ಒಂದು ತುದಿಯಾದರೆ, ಮಹಾರೋಗವೆಂದು ಹೆದರಿಸಿ ಗರ್ಭಾಶಯವನ್ನೇ ತೆಗೆಸಿಬಿಡುವುದು ಇನ್ನೊಂದು ತುದಿ. ೨೦೧೫ರಲ್ಲಿ ಕಲಬುರ್ಗಿ ಜಿಲ್ಲೆಯ ತಾಂಡಾಗಳಲ್ಲಿ ಅನೇಕ ಬಡ ಹೆಂಗಸರಿಗೆ ಅವಶ್ಯಕತೆಯಿಲ್ಲದೆ ಹೀಗೆ ಶಸ್ತ್ರಕ್ರಿಯೆ ಮಾಡಿದ ಸಂಗತಿ ಹೊರಬಿದ್ದು ತನಿಖೆಗಳು ನಡೆದವು. ಅವರಲ್ಲಿ ಎಷ್ಟೋ ಮಂದಿ ಇನ್ನೂ ಎಳೆಯ ವಯಸ್ಸಿನವರು. ಈ ಎರಡು ತುದಿಗಳ ನಡುವೆ ದಾರಿ ಹುಡುಕುವ ಗೃಹಸ್ಥರು ಸಹಜವಾಗಿಯೇ ಗಿಡಮೂಲಿಕೆಯ ಕಡೆಗೆ ತಿರುಗುತ್ತಾರೆ.

ನಮ್ಮ ಜಿಲ್ಲೆಯವರಿಗೆ ಆ ದಾರಿ ದೂರವೂ ಅಲ್ಲ. ಮಲಪ್ರಭೆಯು ಹುಟ್ಟುವ ಕಣಕುಂಬಿ, ಜಾಂಬೋಟಿ, ೨೦೧೧ರಿಂದ ವನ್ಯಜೀವಿಧಾಮವಾಗಿರುವ ಭೀಮಗಡ, ಹೀಗೆ ಖಾನಾಪುರ ತಾಲೂಕಿನ ಪಶ್ಚಿಮಾರ್ಧವೆಲ್ಲ ಮಳೆಕಾಡು. ಅಲ್ಲಿನ ಹಳ್ಳಿಗಳಲ್ಲಿ ಮರಾಠಿ ಮನೆಯಿರಲಿ ಕನ್ನಡ ಮನೆಯಿರಲಿ, ಬೇರು ತೊಗಟೆಗಳನ್ನು ಬಲ್ಲ ಒಬ್ಬ ಮುದುಕಿಯಾದರೂ ಇರುತ್ತಾಳೆ. ಬೆಳಗಾವಿಯ ಪೇಟೆಯಲ್ಲಿ ಕಾಷ್ಠೌಷಧಿಯ ಅಂಗಡಿಗಳಿವೆ. ಶಹಾಪುರದಲ್ಲಿ ೧೯೩೩ರಲ್ಲಿ ಆರಂಭವಾದ ಆಯುರ್ವೇದ ಮಹಾವಿದ್ಯಾಲಯವಿದೆ. ೨೦೦೬ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನ ಕೇಂದ್ರವೆಂದು ಸ್ಥಾಪಿತವಾಗಿ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯೆನಿಸಿರುವ ಸಂಸ್ಥೆಯೂ ನಮ್ಮ ಊರಿನಲ್ಲಿಯೇ ಇದೆ. ಇಷ್ಟೆಲ್ಲ ಇರುವಲ್ಲಿ ಮೂಲಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಸರಿಯಾದ ಯುಕ್ತಿಯಿಂದ ಬಳಸಿದರೆ ಔಷಧವಾಗದ ದ್ರವ್ಯವೇ ಜಗತ್ತಿನಲ್ಲಿಲ್ಲವೆಂಬ ಚರಕನ ಅಭಿಪ್ರಾಯವನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಕೆಟ್ಟದಾಗಿ ಬಳಸಿದ ಔಷಧವು ತೀಕ್ಷ್ಣವಾದ ವಿಷವಾಗುತ್ತದೆಂದು ಹೇಳಿದವನೂ ಅವನೇ ಎಂಬುದನ್ನು ಅಂಗಡಿಯ ಫಲಕಗಳ ಮೇಲೆ ಬರೆಯಿಸಿದ್ದನ್ನು ನಾನು ಕಂಡಿಲ್ಲ.

ಈಗ ಒಂದೊಂದಾಗಿ ನೋಡೋಣ. ಎಲ್ಲಕ್ಕೂ ಮುಂದೆ ನಿಲ್ಲುವುದು ಶತಾವರಿ. ಕನ್ನಡದಲ್ಲಿ ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಎಂದು ಹೆಸರು. ಒಂದೇ ಬುಡದಲ್ಲಿ ಗೊಂಚಲಾಗಿ ಹತ್ತಾರು ಬೇರುಗಳಿರುವುದರಿಂದ ಈ ಹೆಸರು ಬಂದಿರಬೇಕು. ಮಕ್ಕಳಾಗುವ ಕಾಲ ಮುಗಿದವಳಿಗೆ ಈ ಹೆಸರಿನ ಬೇರನ್ನೇ ಕೊಡುವುದರಲ್ಲಿ ಒಂದು ವಿಪರ್ಯಾಸವಿದೆ. ಅದು ಬಲ್ಯವೆಂದೂ ಶೀತವೀರ್ಯವೆಂದೂ ನಿಘಂಟುಕಾರರು ಹೇಳುತ್ತಾರೆ. ಉರಿ ಬರುವವಳಿಗೆ ಅದನ್ನು ಸೂಚಿಸಿದ್ದು ಯುಕ್ತಿಯುಕ್ತವೇ. ಆದರೆ ಈ ಉರಿಯನ್ನು ಅದು ನಿಶ್ಚಯವಾಗಿ ತಗ್ಗಿಸುತ್ತದೆಂದು ತೋರಿಸುವ ದೊಡ್ಡ ಪರೀಕ್ಷೆಗಳು ನಡೆದಿಲ್ಲ. ಅಶ್ವಗಂಧದ ಸ್ಥಿತಿ ತುಸು ಮೇಲು. ೨೦೨೧ರಲ್ಲಿ ಪ್ರಕಟವಾದ ಭಾರತೀಯ ಪರೀಕ್ಷೆಯೊಂದರಲ್ಲಿ ೯೧ ಸ್ತ್ರೀಯರು ೮ ವಾರಗಳನ್ನು ಪೂರೈಸಿದರು, ಅಶ್ವಗಂಧ ತೆಗೆದುಕೊಂಡವರಿಗೆ ಹೆಚ್ಚು ಸಮಾಧಾನವಾಯಿತು. ಏಳು ವರ್ಷ ಉಳಿಯಬಹುದಾದ ಬಾಧೆಯ ವಿಷಯದಲ್ಲಿ ಎಂಟು ವಾರಗಳ ಪ್ರಮಾಣವು ಎಷ್ಟರ ಪ್ರಮಾಣವೆಂದು ವಾಚಕರೇ ನಿರ್ಣಯಿಸಲಿ. ಕೆಲವರಲ್ಲಿ ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಥೈರಾಯ್ಡಿನ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಈ ವಯಸ್ಸಿನಲ್ಲಿಯೇ ರಕ್ತದೊತ್ತಡವೂ ತಲೆಹಾಕುವುದರಿಂದ ಇದು ಸಣ್ಣ ಮಾತಲ್ಲ.

ಅಗಸೆಯ ಕಥೆ ನಮ್ಮ ಪ್ರಾಂತಕ್ಕೆ ಬಹು ಹತ್ತಿರದ್ದು. ಜೋಳದ ರೊಟ್ಟಿಯ ಸಂಗಡ ಅಗಸೆ ಹಿಂಡಿಯಿಲ್ಲದ ಮನೆ ಇಲ್ಲಿ ಅಪರೂಪ. ಅದರಲ್ಲಿ ಈಸ್ಟ್ರೋಜನ್ನಿನ ಛಾಯೆಯುಳ್ಳ ಪದಾರ್ಥಗಳಿವೆಯೆಂದು ತಿಳಿದ ಮೇಲೆ ಅಮೆರಿಕದಲ್ಲಿ ೧೮೮ ಸ್ತ್ರೀಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಅಗಸೆಯ ತಿಂಡಿಯನ್ನೂ ಇನ್ನೊಂದಕ್ಕೆ ಅಗಸೆಯಿಲ್ಲದ ತತ್ಸಮಾನ ತಿಂಡಿಯನ್ನೂ ಆರು ವಾರ ಕೊಟ್ಟು ನೋಡಿದರು. ೨೦೧೨ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಗಸೆ ತಿಂದವರಲ್ಲಿ ಮೂರನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚು ಮಂದಿಗೆ ಉರಿಯು ಅರ್ಧಕ್ಕೆ ಇಳಿದಿತ್ತು. ತಿನ್ನದವರಲ್ಲಿಯೂ ಅಷ್ಟೇ ಮಂದಿಗೆ ಇಳಿದಿತ್ತು. ಅಗಸೆ ಹಿಂಡಿಯನ್ನು ಯಾರೂ ಬಿಡಬೇಕಾಗಿಲ್ಲ, ಅದು ಒಳ್ಳೆಯ ಆಹಾರ. ಆದರೆ ಅದು ಈ ಬಾಧೆಗೆ ಮದ್ದೆಂಬ ಮಾತು ನಿಲ್ಲಲಿಲ್ಲ. ಉತ್ತರ ಅಮೆರಿಕದ ಕಾಡುಬೇರಾದ ಬ್ಲ್ಯಾಕ್ ಕೋಹಾಶ್ ಎಂಬುದಕ್ಕೂ ೨೦೦೬ರಲ್ಲಿ, ೩೫೧ ಸ್ತ್ರೀಯರ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯಲ್ಲಿ ಇದೇ ಗತಿಯಾಯಿತು. ೨೦೨೩ರಲ್ಲಿ ಉತ್ತರ ಅಮೆರಿಕದ ರಜೋನಿವೃತ್ತಿ ಸಂಘದ ತಜ್ಞರು ಹಾರ್ಮೋನೇತರ ಉಪಾಯಗಳನ್ನೆಲ್ಲ ತೂಗಿ ನೋಡಿ, ಮೂಲಿಕೆಗಳನ್ನು ಈ ಉರಿಗೆ ಶಿಫಾರಸು ಮಾಡಲಾಗದೆಂದು ಹೇಳಿದರು.

ಇಲ್ಲಿ ಒಂದು ಸಂಗತಿಯು ನನ್ನನ್ನು ಬಹಳ ದಿನ ಕಾಡಿತು. ಹಾರ್ಮೋನು ಔಷಧದ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೦೪ರಲ್ಲಿ ಮಾಡಿದ ವಿಮರ್ಶೆಯೊಂದರಲ್ಲಿ, ಔಷಧವೇ ಇಲ್ಲದ ಬರಿಯ ಹುಸಿಗುಳಿಗೆ ನುಂಗಿದವರಿಗೂ ಉರಿಯು ನೂರಕ್ಕೆ ಸುಮಾರು ೫೮ರಷ್ಟು ಇಳಿದುದು ಕಂಡುಬಂದಿತು. ನಿಜವಾದ ಔಷಧವು ಅದಕ್ಕಿಂತಲೂ ಬಹಳ ಹೆಚ್ಚು ಇಳಿಸಿತೆಂಬುದು ಬೇರೆ ಮಾತು. ಈ ೫೮ರಲ್ಲಿ ಒಂದು ಪಾಲು ಕಾಕತಾಲೀಯ: ಉರಿಯು ಹೆಚ್ಚಾದಾಗಲೇ ಜನರು ಮದ್ದಿಗೆ ಹೋಗುತ್ತಾರೆ, ಅದು ತನ್ನ ಏರಿಳಿತದಂತೆ ಇಳಿಯುತ್ತದೆ, ಕೀರ್ತಿ ಮದ್ದಿಗೆ ಬರುತ್ತದೆ. ಆದರೆ ಇನ್ನೊಂದು ಪಾಲು ಹಾಗಲ್ಲ. ವಾರವಾರವೂ ಒಬ್ಬರು ಆಕೆಯನ್ನು ಎದುರಿಗೆ ಕೂಡಿಸಿಕೊಂಡು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಏನನ್ನಿಸಿತು ಎಂದು ಕೇಳಿ ಬರೆದುಕೊಂಡಿದ್ದಾರೆ. ಆಕೆಯ ಮನೆಯಲ್ಲಿ ಅದನ್ನು ಯಾರೂ ಕೇಳಿರಲಾರರು.

ಈ ವಿಷಯ ನನ್ನ ತಲೆಯಲ್ಲಿದ್ದಾಗಲೇ ಖಾನಾಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಭೆಟ್ಟಿಯಾದನು. ಅವನ ತಾಯಿಗೆ ಐವತ್ತರ ಆಚೆ ಈಚೆ; ಮುಟ್ಟು ನಿಂತು ಎರಡು ವರ್ಷವಾಗಿದೆ, ನಿದ್ರೆಯಿಲ್ಲ. ಅವನು ಪೇಟೆಯಿಂದ ಶತಾವರಿಯ ಚೂರ್ಣ ಕೊಂಡಿದ್ದನು. “ಗುರುಗಳ, ಇದು ಖಾತ್ರಿ ಔಷಧ ಐತಿ, ತಿಂಗಳದಾಗ ಎಲ್ಲಾ ಹೋಗ್ತೈತಿ ಅಂತ ಅವ್ವಗ ಹೇಳಿದ್ರ ತಪ್ಪೇನ್ರಿ? ನಂಬಿದ್ರ ಅರ್ಧಾ ಗುಣಾ ಅಕ್ಕೈತಿ ಅಂತಾರಲ್ಲ” ಎಂದು ಕೇಳಿದನು.

ಪ್ರಶ್ನೆ ಹಗುರವಾದುದಲ್ಲ. ಅವನ ಪಕ್ಷಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಎಲ್ಲರಿಗೂ ಗೊತ್ತು. ಸತ್ಯವನ್ನೇ ನುಡಿಯುವೆನೆಂಬ ವ್ರತ ಹಿಡಿದ ಆ ತಪಸ್ವಿಯು, ಅಡಗಿ ಕುಳಿತ ಜನರ ದಾರಿಯನ್ನು ದರೋಡೆಕಾರರಿಗೆ ತೋರಿಸಿ, ಅವರ ಕೊಲೆಗೆ ಕಾರಣನಾಗಿ ನರಕಕ್ಕೆ ಹೋದನು. ಶಬ್ದದ ಸತ್ಯಕ್ಕಿಂತ ಪ್ರಾಣಿಗಳ ಹಿತವು ದೊಡ್ಡದೆಂಬುದೇ ಅದರ ಅಭಿಪ್ರಾಯ. ಹಾಗಿದ್ದರೆ ತಾಯಿಯ ಹಿತಕ್ಕಾಗಿ ಮಗನು ಆಡುವ ಈ ಸುಳ್ಳಿಗೆ ದೋಷವೇನು?

ದೋಷವು ಹಿತವೆಂಬ ಶಬ್ದದಲ್ಲಿಯೇ ಇದೆಯೆಂದು ನನ್ನ ಮತ. ಕೌಶಿಕನ ಕಥೆಯಲ್ಲಿ ಸುಳ್ಳಿನಿಂದ ವಂಚಿತರಾಗಬೇಕಾದವರು ಕಳ್ಳರು, ಉಳಿಯಬೇಕಾದವರು ಬೇರೆ ಜನ. ಇಲ್ಲಿ ವಂಚಿತಳೂ ಆಕೆಯೇ, ಹಿತವಾಗಬೇಕಾದವಳೂ ಆಕೆಯೇ. ಯಾರ ಹಿತಕ್ಕಾಗಿ ಸುಳ್ಳನ್ನು ಆಡುತ್ತೇವೋ ಅವರನ್ನೇ ಆ ಸುಳ್ಳಿನಿಂದ ಕುರುಡುಮಾಡಿದರೆ, ಮುಂದೆ ತಮ್ಮ ಹಿತವನ್ನು ಅವರು ತಾವಾಗಿ ನೋಡಿಕೊಳ್ಳಲಾರರು. ತಿಂಗಳು ಕಳೆದು ಗುಣ ಕಾಣದೆ ಹೋದಾಗ “ಖಾತ್ರಿ ಔಷಧವೇ ನನಗೆ ಹತ್ತಲಿಲ್ಲ, ನನ್ನ ಮೈಯೇ ಕೆಟ್ಟದ್ದು” ಎಂದು ಆಕೆ ಬಗೆಯುವಳು. ನಮ್ಮ ಹೆಂಗಸರು ತಪ್ಪನ್ನು ತಮ್ಮ ಮೇಲೆ ಹೊತ್ತುಕೊಳ್ಳುವುದರಲ್ಲಿ ಎಳವೆಯಿಂದಲೂ ಪಳಗಿದವರು. ಬೇರೆ ಉಪಾಯವನ್ನು ಕೇಳುವ ಬಾಯಿಯೂ ಆಗ ಮುಚ್ಚುತ್ತದೆ.

ಆ ಬೇರೆ ಉಪಾಯಗಳಲ್ಲಿ ಹಾರ್ಮೋನು ಚಿಕಿತ್ಸೆಯು ಮುಖ್ಯವಾದುದು. ಅದರ ಹೆಸರು ಹೇಳಿದರೆ ವಿದ್ಯಾವಂತ ಮನೆಗಳಲ್ಲಿಯೂ ಹೆದರುತ್ತಾರೆ. ೨೦೦೨ರ ಜುಲೈ ತಿಂಗಳಲ್ಲಿ ಅಮೆರಿಕದಲ್ಲಿ ೧೬,೬೦೮ ಸ್ತ್ರೀಯರ ಮೇಲೆ ನಡೆಯುತ್ತಿದ್ದ ಪರೀಕ್ಷೆಯನ್ನು, ಸ್ತನದ ಅರ್ಬುದ ಮೊದಲಾದವು ಹೆಚ್ಚುತ್ತಿರುವುದನ್ನು ಕಂಡು, ನಡುವೆಯೇ ನಿಲ್ಲಿಸಿದರು. ಆ ಭಯ ಜಗತ್ತಿನಲ್ಲೆಲ್ಲ ಹರಡಿತು. ಆ ಸ್ತ್ರೀಯರ ಸರಾಸರಿ ವಯಸ್ಸು ೬೩ ಆಗಿತ್ತೆಂಬುದು ಮಾತ್ರ ಹರಡಲಿಲ್ಲ. ೬೦ರೊಳಗಿನವರು, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದವರು, ಸ್ತನದ ಅರ್ಬುದ, ರಕ್ತ ಹೆಪ್ಪುಗಟ್ಟುವಿಕೆ ಮುಂತಾದ ಪೂರ್ವವೃತ್ತಾಂತವಿಲ್ಲದಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವನ್ನೇ ಹೆಚ್ಚು ಪಡೆಯುತ್ತಾರೆಂದು ಆಮೇಲಿನ ವಿಚಾರಣೆಯಿಂದ ತಿಳಿದುಬಂದಿದೆ. ಅದನ್ನು ತೆಗೆದುಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ, ಹೇಳಲು ನಾನು ವೈದ್ಯನೂ ಅಲ್ಲ. ಅಂಥದೊಂದು ಇದೆಯೆಂಬುದನ್ನು ಆಕೆಯಿಂದ ಮರೆಮಾಡುವ ಅಧಿಕಾರ ಮಗನಿಗೂ ಇಲ್ಲ, ಗಂಡನಿಗೂ ಇಲ್ಲ, ಚೂರ್ಣ ಮಾರುವವನಿಗೂ ಇಲ್ಲ.

ಚೂರ್ಣ ಮಾರುವವನ ವಿಷಯವಾಗಿ ಒಂದು ಮಾತು. ಆಪ್ತವಾಕ್ಯವು ಪ್ರಮಾಣವೆಂದು ನಾವು ಒಪ್ಪುತ್ತೇವೆ. ಆದರೆ ರಜಸ್ತಮಸ್ಸುಗಳಿಂದ ಬಿಡುಗಡೆ ಹೊಂದಿದವನೇ ಆಪ್ತನೆಂಬುದು ಚರಕನ ಲಕ್ಷಣ. ಡಬ್ಬಿಯ ಮೇಲಿನ ಬೆಲೆಯಲ್ಲಿ ಪಾಲಿರುವವನು ಆ ಲಕ್ಷಣಕ್ಕೆ ಸೇರುವುದು ಕಷ್ಟ.

ಎಲ್ಲಕ್ಕಿಂತ ಭಾರವಾದ ದೋಷವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಶೋಕದ ತೊಗಟೆಯ ಕಷಾಯವು ಹೆಂಗಸರ ರಕ್ತಸ್ರಾವಕ್ಕೆ ಪ್ರಸಿದ್ಧವಾದ ಮದ್ದು. ಘಟ್ಟದ ಹಳ್ಳಗಳ ಬದಿಗೆ ಬೆಳೆಯುವ, ಕೆಂಡದ ಬಣ್ಣದ ಹೂಗೊಂಚಲು ಬಿಡುವ ಆ ನಿಜವಾದ ಅಶೋಕವು ತೊಗಟೆಯ ಆಸೆಗೆ ಬಲಿಯಾಗಿ ಕಾಡಿನಲ್ಲಿ ವಿರಳವಾಗಿದೆ. ಪೇಟೆಗೆ ಬರುವ ತೊಗಟೆಯಲ್ಲಿ, ಕಚೇರಿ ಶಾಲೆಗಳ ಅಂಗಳದಲ್ಲಿ ಕಂಬದಂತೆ ನೆಟ್ಟಗೆ ಬೆಳೆದು ಜನರಿಂದ ಅಶೋಕವೆಂದೇ ಕರೆಯಿಸಿಕೊಳ್ಳುವ ಬೇರೆ ಮರದ್ದು ಎಷ್ಟೋ ಸಲ ಬೆರೆತಿರುತ್ತದೆ. ಅದೂ ಹೋಗಲಿ. ಮುಟ್ಟು ಪೂರ್ತಿ ನಿಂತು ಹನ್ನೆರಡು ತಿಂಗಳು ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದು ಹನಿಯೇ ಆಗಲಿ, ಅದನ್ನು ಕಷಾಯದಿಂದ ನಿಲ್ಲಿಸಿ ಸುಮ್ಮನಿರುವಂತಿಲ್ಲ. ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ೨೦೧೮ರಲ್ಲಿ ಮಾಡಿದ ಲೆಕ್ಕದಂತೆ, ಹೀಗೆ ರಕ್ತ ಕಂಡವರಲ್ಲಿ ನೂರಕ್ಕೆ ಸುಮಾರು ೯ ಮಂದಿಗೆ ಗರ್ಭಾಶಯದ ಒಳಪದರದ ಅರ್ಬುದವಿತ್ತು. ಬೇಗ ಕಂಡುಹಿಡಿದರೆ ಗುಣಪಡಿಸಬಹುದಾದ ರೋಗಗಳಲ್ಲಿ ಅದೊಂದು. “ಹೋದದ್ದು ಮತ್ತೆ ಬಂತು, ಮೈ ಗಟ್ಟಿಯಾಯಿತು” ಎಂದು ಸಂತೋಷಪಟ್ಟ ಮನೆಗಳನ್ನು ನಾನು ಬಲ್ಲೆ. ಖಾತ್ರಿಯ ಸುಳ್ಳು ಅತ್ಯಂತ ಕ್ರೂರವಾಗುವುದು ಈ ಸಂದರ್ಭದಲ್ಲಿ: ಎಲ್ಲಕ್ಕೂ ಮದ್ದು ಮನೆಯಲ್ಲಿಯೇ ಇದೆಯೆಂದು ನಂಬಿದವಳು ಈ ಹನಿಯನ್ನು ಯಾರಿಗೂ ಹೇಳುವುದಿಲ್ಲ.

ಹಾಗಾದರೆ ಹುಸಿಗುಳಿಗೆಯಿಂದಲೂ ಬರುವ ಆ ಸಮಾಧಾನವನ್ನು ಬಿಟ್ಟೇಬಿಡಬೇಕೇ? ಬಿಡಬೇಕಾಗಿಲ್ಲ. ಚರಕನು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳುವಾಗ ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯಗಳ ಸಂಗಡ ಸತ್ತ್ವಾವಜಯವೆಂಬ ಮೂರನೆಯದನ್ನು ಎಣಿಸಿದ್ದಾನೆ. ಮನಸ್ಸನ್ನು ಅಹಿತದಿಂದ ಹಿಂದಕ್ಕೆ ತಿರುಗಿಸುವುದೇ ಅದರ ಸ್ವರೂಪ. ಮೇಲೆ ಹೇಳಿದ ೨೦೨೩ರ ತಜ್ಞರೂ ಮೂಲಿಕೆಗಳನ್ನು ಬದಿಗಿರಿಸಿ, ಮನಸ್ಸಿನ ಎಣಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯನ್ನು ಒಪ್ಪಿದರು. ಮನಸ್ಸಿನ ದಾರಿಯಿಂದ ಬರುವ ಉಪಶಮನಕ್ಕೆ ಹೀಗೆ ಅದರದೇ ಆದ ಪ್ರಾಮಾಣಿಕ ಹೆಸರಿರುವಾಗ, ಬೇರಿನ ಹೆಸರಿನಲ್ಲಿ ಅದನ್ನು ಕಳ್ಳದಾರಿಯಿಂದ ತರಬೇಕಾದ ಪ್ರಮೇಯವಿಲ್ಲ. ಜಾಂಬೋಟಿಯ ಕಡೆಗೆ ಬೇರು ಕೊಡುವ ಒಬ್ಬ ಅಜ್ಜಿಯು ಇದನ್ನು ನನಗಿಂತ ಚೆನ್ನಾಗಿ ಬಲ್ಲಳು. ಬಂದ ಹೆಂಗಸನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ತಾಸುಗಟ್ಟಲೆ ಕೇಳುತ್ತಾಳೆ, ಆಮೇಲೆ ಬೇರು ಕೊಡುತ್ತಾಳೆ. “ಬೇರಿನ ಗುಣಾ ಬೇರಿಗೆ. ಆಕಿ ಹೇಳೂದನ್ನ ಕೇಳಾಕ ಯಾರರೆ ಬೇಕಲ್ಲಪ್ಪಾ” ಎಂದು ಆಕೆ ಒಮ್ಮೆ ನಕ್ಕಳು. ರಕ್ತದ ಮಾತು ಬಂದರೆ ಬೇರು ಕೊಡದೆ ಖಾನಾಪುರದ ದವಾಖಾನೆಗೆ ಕಳಿಸುತ್ತಾಳೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದುದು ಇಷ್ಟೇ. ಚೂರ್ಣವನ್ನು ಕೊಡು, ಹಿರಿಯರು ಇದನ್ನು ಬಳಸುತ್ತ ಬಂದಿದ್ದಾರೆ, ಕೆಲವರಿಗೆ ಹಿತವೆನ್ನಿಸಿದೆ, ಖಾತ್ರಿಯಿಲ್ಲ ಎನ್ನು, ಹತ್ತದಿದ್ದರೆ ಡಾಕ್ಟರರ ಕಡೆಗೆ ಹೋಗೋಣವೆನ್ನು, ರಾತ್ರಿ ಏನಾಗುತ್ತದೆಂದು ಕೇಳು, ಕೇಳಿ ಸುಮ್ಮನೆ ಕೂಡು. ಗಂಡುಮಗನು ತಾಯಿಯ ಎದುರಿಗೆ ಇದನ್ನು ಹೇಗೆ ಕೇಳಲೆಂದು ಅವನು ಸಂಕೋಚಪಟ್ಟನು. ಸಂಕೋಚವು ಸಹಜವೇ. ಆದರೆ ಔಷಧವನ್ನು ಕೊಂಡುತರುವಷ್ಟು ವಿಷಯ ತಿಳಿದವನಿಗೆ ಅದರ ವಿಚಾರವಾಗಿ ಮಾತನಾಡುವಷ್ಟು ತಿಳಿಯಬಾರದೆಂಬುದು ಯಾವ ನ್ಯಾಯ?

ಎರಡು ತಿಂಗಳ ಮೇಲೆ ಅವನು ಮತ್ತೆ ಬಂದಿದ್ದನು. ಖಾತ್ರಿಯಿಲ್ಲವೆಂದು ಹೇಳಿದಾಗ ತಾಯಿಯು, “ಅದು ನನಗ ಗೊತ್ತೈತಿ ತಮ್ಮಾ, ನಿನಗ ಗೊತ್ತೈತೋ ಇಲ್ಲೋ ಅಂತ ನೋಡಾಕತ್ತಿದ್ದೆ” ಎಂದಳಂತೆ. ಆ ಸುಳ್ಳಿನಿಂದ ಸಮಾಧಾನವಾಗಬೇಕಾಗಿದ್ದುದು ಯಾರಿಗೆಂಬುದು ಅವನಿಗೆ ಆಗ ಹೊಳೆಯಿತು. ಆ ಮಾತಿನ ಬೆನ್ನಿಗೇ ಆಕೆ ಇನ್ನೊಂದನ್ನು ಹೇಳಿದಳು: ದೀಪಾವಳಿಯ ಸುಮಾರಿಗೆ ಎರಡು ಸಲ ಸೀರೆಗೆ ಕಲೆಯಾಗಿತ್ತು, ಯಾರಿಗೂ ಹೇಳಿರಲಿಲ್ಲ. ಬೆಳಗಾವಿಗೆ ಕರೆತಂದು ಪರೀಕ್ಷೆ ಮಾಡಿಸಿದರು. ಒಳಪದರದ ತುಣುಕನ್ನು ತೆಗೆದು ನೋಡಿದಾಗ ಭಯಪಡತಕ್ಕದ್ದೇನೂ ಕಾಣಲಿಲ್ಲ. ನಿದ್ರೆಗೆ ಡಾಕ್ಟರಬಾಯಿಯವರು ಬೇರೆ ಔಷಧ ಬರೆದುಕೊಟ್ಟಿದ್ದಾರೆ, ಕೆಲವು ರಾತ್ರಿ ನಿದ್ರೆ ಬರುತ್ತದೆ, ಕೆಲವು ರಾತ್ರಿ ಇಲ್ಲ. ಅವರನ್ನು ಕೇಳಿಕೊಂಡೇ ಶತಾವರಿಯನ್ನು ಹಾಲಿನಲ್ಲಿ ಹಾಕಿ ಕುಡಿಯುವುದನ್ನು ಆಕೆ ಮುಂದುವರಿಸಿದ್ದಾಳೆ, ರುಚಿಯಾಗಿರುತ್ತದೆಯಂತೆ.